ಬಡತನ ಉಳಿಸಿಕೊಟ್ಟ ಗೋಪುರಗಳು

ಇಟಲಿಗೆ ಹೋಗಿ ಬಂದವರು ರೋಮ್, ಫ್ಲಾರೆನ್ಸ್, ವೆನಿಸ್ ಎಂಬ ಮೂರು ಹೆಸರುಗಳನ್ನು ಹೇಳಿ ಮುಗಿಸುವುದು ವಾಡಿಕೆ. ಆ ಮೂರು ನಗರಗಳ ಬಗ್ಗೆ ಕನ್ನಡದಲ್ಲಿ ಸಾಕಷ್ಟು ಪ್ರವಾಸಕಥನಗಳು ಬಂದಿವೆ. ನಾನು ಸೇರಿಸಬೇಕಾದುದು ಏನೂ ಇಲ್ಲ. ಆದರೆ 2014ರ ಮಾರ್ಚ್ ತಿಂಗಳ ಕೊನೆಯಲ್ಲಿ ಎರಡು ದಿನಗಳ ಮಟ್ಟಿಗೆ ನಾವು ತಂಗಿದ್ದ ಒಂದು ಪುಟ್ಟ ಗುಡ್ಡದೂರಿನ ವಿಚಾರವನ್ನು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಮೂವತ್ತೈದು ವರ್ಷ ತರಗತಿಯಲ್ಲಿ ಚರಿತ್ರೆ ಹೇಳಿದವನಿಗೆ ಆ ಊರು ಒಂದು ತೆರೆದ ಪಠ್ಯಪುಸ್ತಕದಂತೆ ಕಂಡಿತು. ಆ ಪುಸ್ತಕದ ಕೊನೆಯ ಅಧ್ಯಾಯಗಳನ್ನು ಓದದೆ ಮೊದಲ ಪುಟದ ಚಿತ್ರವನ್ನಷ್ಟೇ ನೋಡಿ ಹೊರಡುವವರೇ ಹೆಚ್ಚು ಎಂಬುದು ಬೇರೆ ಮಾತು.

ಊರಿನ ಹೆಸರು ಸ್ಯಾನ್ ಜಿಮಿನ್ಯಾನೊ. ಟಸ್ಕನಿ ಪ್ರಾಂತದ ಸಿಯೆನಾ ಜಿಲ್ಲೆಯಲ್ಲಿ, ಎಲ್ಸಾ ಎಂಬ ನದಿಯ ಕಣಿವೆಯ ಮೇಲೆ, ಸಮುದ್ರಮಟ್ಟದಿಂದ ಸುಮಾರು 324 ಮೀಟರ್ ಎತ್ತರದ ಗುಡ್ಡದ ನೆತ್ತಿಯಲ್ಲಿದೆ. ರೈಲು ಅಲ್ಲಿಗೆ ಹೋಗುವುದಿಲ್ಲ. ಫ್ಲಾರೆನ್ಸಿನಿಂದ ಪೊಜ್ಜಿಬೊನ್ಸಿ ಎಂಬ ಬಯಲಿನ ಪಟ್ಟಣದವರೆಗೆ ಬಂದು, ಅಲ್ಲಿಂದ ಬಸ್ಸು ಹಿಡಿದು ಗುಡ್ಡ ಹತ್ತಬೇಕು. ದ್ರಾಕ್ಷಿ ತೋಟ, ಆಲಿವ್ ಮರಗಳ ಸಾಲು, ಮೇಣದ ಬತ್ತಿಯಂತೆ ನೆಟ್ಟಗೆ ನಿಂತ ಸೈಪ್ರಸ್ ಮರಗಳು, ಇವುಗಳ ನಡುವೆ ಬಸ್ಸು ಸುತ್ತುತ್ತ ಏರುವಾಗ ದೂರದಲ್ಲಿ ಒಂದು ವಿಚಿತ್ರ ದೃಶ್ಯ ಕಾಣುತ್ತದೆ. ಗುಡ್ಡದ ಮೇಲೆ ಯಾರೋ ಕಲ್ಲಿನ ಕಂಬಗಳನ್ನು ಒತ್ತೊತ್ತಾಗಿ ನೆಟ್ಟಂತೆ, ಚೌಕಾಕಾರದ, ಕಿಟಕಿಗಳೇ ಇಲ್ಲವೆನ್ನಬಹುದಾದ ಗೋಪುರಗಳು. ದೇವಾಲಯದ ಗೋಪುರಗಳಲ್ಲ, ಕೋಟೆಯ ಬುರುಜುಗಳೂ ಅಲ್ಲ. ಅವು ಮನೆಗಳು! ಹಿಂದೆ 72 ಇದ್ದುವೆಂದು ಹೇಳಿಕೆ. ಈಗ ಉಳಿದಿರುವುದು 14.

ಊರಿನ ಹೆಸರಿನ ಮೂಲ ಒಬ್ಬ ಸಂತ. ಮೋದೆನಾ ನಗರದ ಬಿಷಪ್ಪನಾಗಿದ್ದ ಜಿಮಿನ್ಯಾನೊ ಎಂಬಾತ ಬರ್ಬರರ ದಂಡು ಬಂದಾಗ ಮಂಜಿನ ನಡುವೆ ಪ್ರತ್ಯಕ್ಷನಾಗಿ ಊರನ್ನು ಕಾಪಾಡಿದನೆಂಬ ಐತಿಹ್ಯವಿದೆ. ಇಲ್ಲಿನ ಪುರಸಭೆಯ ವಸ್ತುಸಂಗ್ರಹಾಲಯದಲ್ಲಿ ತದ್ದೆಯೊ ದಿ ಬಾರ್ತೊಲೊ ಎಂಬ ಚಿತ್ರಕಾರ ಸುಮಾರು 1401ರಲ್ಲಿ ಬರೆದ ಚಿತ್ರವಿದೆ. ಅದರಲ್ಲಿ ಈ ಸಂತ ಇಡೀ ಊರನ್ನು, ಗೋಪುರಗಳ ಸಮೇತ, ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದಾನೆ. ಆ ಚಿತ್ರ ನನಗೆ ಬಹಳ ಇಷ್ಟವಾಯಿತು. ಅದನ್ನು ಬರೆಯುವ ಹೊತ್ತಿಗೆ ಊರಿನ ವೈಭವ ಮುಗಿದು ಅರ್ಧ ಶತಮಾನವಾಗಿತ್ತು ಎಂಬುದನ್ನು ನೆನೆದರೆ ಆ ತೊಡೆಯ ಅರ್ಥವೇ ಬೇರೆಯಾಗುತ್ತದೆ.

ವೈಭವ ಎಲ್ಲಿಂದ ಬಂದಿತ್ತು ಎಂಬ ಪ್ರಶ್ನೆಗೆ ಉತ್ತರ ಒಂದು ರಸ್ತೆ. ಉತ್ತರ ಯುರೋಪಿನಿಂದ ಆಲ್ಪ್ಸ್ ಪರ್ವತಗಳನ್ನು ದಾಟಿ ರೋಮ್ ನಗರಕ್ಕೆ ಬರುತ್ತಿದ್ದ ಯಾತ್ರಿಕರ ದಾರಿಗೆ ವಿಯಾ ಫ್ರಾಂಚಿಜೆನಾ ಎಂದು ಹೆಸರು. ಇಂಗ್ಲೆಂಡಿನ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸಿಜೆರಿಕ್ ಎಂಬಾತ ಕ್ರಿ.ಶ. 990ರಲ್ಲಿ ರೋಮಿನಿಂದ ಊರಿಗೆ ಮರಳುವಾಗ ತಾನು ತಂಗಿದ ಊರುಗಳನ್ನೆಲ್ಲ ಪಟ್ಟಿ ಮಾಡಿಸಿದ. ಆ ಪಟ್ಟಿಯಲ್ಲಿ ಈ ಊರೂ ಇದೆ. ಯಾತ್ರಿಕರು ಬಂದಲ್ಲಿ ಛತ್ರ, ಛತ್ರವಿದ್ದಲ್ಲಿ ಅಂಗಡಿ, ಅಂಗಡಿಯಿದ್ದಲ್ಲಿ ಲೇವಾದೇವಿ. ನಮ್ಮ ಪುಣ್ಯಕ್ಷೇತ್ರಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇದರ ಜೊತೆಗೆ ಈ ಗುಡ್ಡಗಳ ಇಳಿಜಾರಿನಲ್ಲಿ ಕೇಸರಿ ಬೆಳೆಯುತ್ತಿತ್ತು. ಹೂವಿನೊಳಗಿನ ಮೂರು ಕೆಂಪು ಎಳೆಗಳನ್ನು ಬೆರಳ ತುದಿಯಿಂದ ಬಿಡಿಸಿ ಒಣಗಿಸುವ ಆ ವಸ್ತು ಅಡುಗೆಗೆ, ಔಷಧಕ್ಕೆ, ಬಟ್ಟೆಯ ಬಣ್ಣಕ್ಕೆ, ಚಿತ್ರಕಾರರ ಬಣ್ಣಕ್ಕೆ ಎಲ್ಲಕ್ಕೂ ಬೇಕಾಗಿತ್ತು. ಇಲ್ಲಿನ ವರ್ತಕರು ಅದನ್ನು ಸಿರಿಯಾ, ಈಜಿಪ್ಟುಗಳವರೆಗೆ ಒಯ್ದು ಮಾರಿದರು. 1228ರಲ್ಲಿ ಯುದ್ಧಕ್ಕಾಗಿ ಮಾಡಿದ ಸಾಲದ ಒಂದು ಭಾಗವನ್ನು ಪೌರಾಡಳಿತ ನಾಣ್ಯದಲ್ಲಿ ಕೊಡದೆ ಕೇಸರಿಯಲ್ಲಿ ತೀರಿಸಿತಂತೆ. ಚಿನ್ನದಂತೆಯೇ ಚಲಾವಣೆಯಾಗುತ್ತಿದ್ದ ಹೂವು!

ಮೊದಲು ಈ ಊರು ವೊಲ್ಟೆರಾ ನಗರದ ಬಿಷಪ್ಪನ ಅಧೀನದಲ್ಲಿತ್ತು. ಹಣ ಬಂದ ಮೇಲೆ ಜನರಿಗೆ ಅಧೀನತೆ ರುಚಿಸಲಿಲ್ಲ. 1199ರಲ್ಲಿ ಊರು ಸ್ವತಂತ್ರ ಪೌರರಾಜ್ಯವಾಯಿತು. ಆಗ ಅವರು ಮಾಡಿಕೊಂಡ ಒಂದು ಏರ್ಪಾಡನ್ನು ನನ್ನ ವಿದ್ಯಾರ್ಥಿಗಳು ಗಮನಿಸಬೇಕು. ಊರಿನ ನ್ಯಾಯ, ಆಡಳಿತ ನೋಡಿಕೊಳ್ಳಲು ಅವರು ತಮ್ಮ ಊರಿನವನನ್ನೇ ನೇಮಿಸಿಕೊಳ್ಳಲಿಲ್ಲ. ಬೇರೆ ಊರಿನಿಂದ ಒಬ್ಬನನ್ನು, ಗೊತ್ತಾದ ಅಲ್ಪಾವಧಿಗೆ, ಸಂಬಳ ಕೊಟ್ಟು ಕರೆಸಿಕೊಳ್ಳುತ್ತಿದ್ದರು. ಅವನಿಗೆ ಪೊದೆಸ್ತಾ ಎಂದು ಹೆಸರು. ಒಳಗಿನವನಾದರೆ ಯಾವುದಾದರೊಂದು ಮನೆತನದ ಪಕ್ಷಪಾತಿಯಾಗುತ್ತಾನೆ ಎಂಬ ಭಯ. ಇಟಲಿಯ ಬಹುತೇಕ ನಗರಗಳಲ್ಲಿ ಈ ಪದ್ಧತಿಯಿತ್ತು. ಮೂರು ವರ್ಷಕ್ಕೊಮ್ಮೆ ವರ್ಗವಾಗಿ ಪೆಟ್ಟಿಗೆ ಕಟ್ಟುತ್ತಿದ್ದ ನನ್ನಂಥ ಮೇಷ್ಟರಿಗೆ ಪೊದೆಸ್ತಾನ ಮೇಲೆ ಒಂದು ಬಗೆಯ ಸಹಾನುಭೂತಿ ಹುಟ್ಟಿದ್ದು ಸಹಜ.

ಹೀಗೆ ಹೊರಗಿನವನನ್ನು ಕರೆಸಬೇಕಾದಷ್ಟು ವೈಮನಸ್ಯ ಯಾಕಿತ್ತು? ಇಟಲಿಯೆಲ್ಲ ಆಗ ಎರಡು ಪಕ್ಷಗಳಾಗಿ ಒಡೆದಿತ್ತು. ಪೋಪನ ಕಡೆಯವರು ಗ್ವೆಲ್ಫರು, ಜರ್ಮನ್ ಮೂಲದ ಚಕ್ರವರ್ತಿಯ ಕಡೆಯವರು ಗಿಬೆಲಿನರು. ಈ ಪುಟ್ಟ ಊರಿನಲ್ಲಿ ಅರ್ಡಿಂಗೆಲ್ಲಿ ಮನೆತನ ಗ್ವೆಲ್ಫ್, ಸಾಲ್ವುಚ್ಚಿ ಮನೆತನ ಗಿಬೆಲಿನ್. ಪೋಪ್ ಮತ್ತು ಚಕ್ರವರ್ತಿ ಇವರನ್ನು ಎಂದಾದರೂ ಕಣ್ಣೆತ್ತಿ ನೋಡಿದ್ದರೋ ಇಲ್ಲವೋ, ಇವರಂತೂ ಅವರ ಹೆಸರಿನಲ್ಲಿ ತಲೆಮಾರುಗಟ್ಟಲೆ ಹೊಡೆದಾಡಿದರು. ದೂರದ ದೊಡ್ಡವರ ಜಗಳವನ್ನು ಹಳ್ಳಿಯ ಎರಡು ಮನೆಗಳು ಬಾಡಿಗೆಗೆ ತಂದು ಆಡುವುದು ನಾವು ಕಾಣದ ಸಂಗತಿಯೇನಲ್ಲ.

ಗೋಪುರಗಳು ಹುಟ್ಟಿದ್ದು ಈ ಹಗೆಯಿಂದ, ಮತ್ತು ಅದಕ್ಕಿಂತ ಹೆಚ್ಚಾಗಿ ಒಣಪ್ರತಿಷ್ಠೆಯಿಂದ. ಗುಡ್ಡದ ಮೇಲೆ ಅಗಲಕ್ಕೆ ಬೆಳೆಯಲು ಜಾಗವಿಲ್ಲ. ಆದ್ದರಿಂದ ಎತ್ತರಕ್ಕೆ ಬೆಳೆದರು. ಒಂದು ಮನೆತನ ಗೋಪುರ ಕಟ್ಟಿದರೆ ಎದುರಿನವರು ಅದಕ್ಕಿಂತ ನಾಲ್ಕು ಮೊಳ ಎತ್ತರ ಕಟ್ಟಬೇಕು. ಒಳಗೆ ಹೋಗಿ ನೋಡಿದರೆ ವಾಸಕ್ಕೆ ಇಷ್ಟು ಅನನುಕೂಲವಾದ ಕಟ್ಟಡ ಮತ್ತೊಂದಿರಲಾರದು. ಗೋಡೆ ಎಷ್ಟು ದಪ್ಪವೋ ಕೋಣೆ ಅಷ್ಟೇ ಅಗಲ. ಮೇಲೇರಲು ಮರದ ಏಣಿಗಳು. ಬೆಂಕಿ ಬಿದ್ದರೆ ತಪ್ಪಿಸಿಕೊಳ್ಳಲೆಂದು ಅಡುಗೆಮನೆಯನ್ನು ಮೇಲಿನ ಅಂತಸ್ತಿನಲ್ಲಿ ಇಡುತ್ತಿದ್ದರೆಂದು ಹೇಳುತ್ತಾರೆ. ನೀರಿನ ಕೊಡ ಹೊತ್ತು ಅಷ್ಟು ಏಣಿ ಹತ್ತಿದ ಹೆಂಗಸರ ಅಭಿಪ್ರಾಯವನ್ನು ಚರಿತ್ರೆ ದಾಖಲಿಸಿಲ್ಲ. ಗೋಡೆಗಳ ಹೊರಮೈಯಲ್ಲಿ ಸಾಲುಸಾಲಾಗಿ ಚೌಕ ರಂಧ್ರಗಳು ಕಾಣುತ್ತವೆ. ಕಟ್ಟುವಾಗ ಸಾರುವೆ ನಿಲ್ಲಿಸಲು, ಅನಂತರ ಮರದ ಅಟ್ಟಣಿಗೆ ಚಾಚಲು ತೊಲೆಗಳನ್ನು ಸಿಕ್ಕಿಸುತ್ತಿದ್ದ ರಂಧ್ರಗಳಿವು. ಈಗ ಪಾರಿವಾಳಗಳಿಗೆ ಮನೆಯಾಗಿವೆ.

ಪೌರಾಡಳಿತ ಈ ಪೈಪೋಟಿಗೆ ಕಡಿವಾಣ ಹಾಕಲು ನೋಡಿತು. ಪೊದೆಸ್ತಾನ ಹಳೆಯ ಅರಮನೆಯ ಮೇಲಿನ ರೊನ್ಯೋಜಾ ಗೋಪುರ ಸುಮಾರು 51 ಮೀಟರ್ ಎತ್ತರದ್ದು. ಖಾಸಗಿಯವರು ಯಾರೂ ಅದಕ್ಕಿಂತ ಎತ್ತರ ಕಟ್ಟಬಾರದೆಂದು 1255ರಲ್ಲಿ ಕಟ್ಟಳೆ ಮಾಡಿದರು. ಕಟ್ಟಳೆಗೆ ಸಾಲ್ವುಚ್ಚಿಗಳು ಕೊಟ್ಟ ಉತ್ತರ ಇಂದಿಗೂ ನಿಂತಿದೆ. ಅವರು ಒಂದರ ಪಕ್ಕದಲ್ಲಿ ಒಂದರಂತೆ ಅವಳಿ ಗೋಪುರಗಳನ್ನು ಕಟ್ಟಿದರು. ಯಾವುದೊಂದೂ ಕಾನೂನು ಮೀರುವುದಿಲ್ಲ. ಎರಡನ್ನೂ ಕೂಡಿಸಿದರೆ ಸರಕಾರದ್ದಕ್ಕಿಂತ ಎತ್ತರ! ತರಗತಿಯ ಹಿಂದಿನ ಬೆಂಚಿನ ಕೆಲವರು ನನಗೆ ತಟ್ಟನೆ ನೆನಪಾದರು. ಹೆಸರು ಹೇಳುವುದಿಲ್ಲ, ಅವರೇ ಓದುತ್ತಿರಬಹುದು. ಕೊನೆಗೆ ಪೌರಾಡಳಿತವೇ 1300ರಿಂದ 1311ರವರೆಗೆ ತೊರ್ರೆ ಗ್ರೋಸ್ಸಾ, ಎಂದರೆ ದಪ್ಪ ಗೋಪುರ, ಎಂಬುದನ್ನು 54 ಮೀಟರ್ ಎತ್ತರಕ್ಕೆ ಕಟ್ಟಿ ಎಲ್ಲರ ತಲೆಯ ಮೇಲೆ ನಿಂತಿತು. ಅದೊಂದನ್ನು ಮಾತ್ರ ನಾನು ಹತ್ತಿದೆ. ಇನ್ನೂರಕ್ಕೂ ಹೆಚ್ಚು ಮೆಟ್ಟಿಲು, ಈಗ ಕಬ್ಬಿಣದವು. ಮೊಣಕಾಲು ಪ್ರತಿಭಟಿಸಿದರೂ ಮೇಲಿನ ನೋಟ ಸಮಾಧಾನ ಕೊಟ್ಟಿತು: ಕೆಳಗೆ ಹೆಂಚಿನ ಮಾಡುಗಳು, ಕೋಟೆಗೋಡೆ, ಅದರಾಚೆ ಮಡಿಕೆ ಮಡಿಕೆಯಾಗಿ ಹಸಿರು ಗುಡ್ಡಗಳು.

ಆ ಗೋಪುರಕ್ಕೆ ಅಂಟಿಕೊಂಡಿರುವ ಪೌರಭವನದಲ್ಲಿ ಡಾಂಟೆ ಸಭಾಂಗಣ ಎಂಬ ದೊಡ್ಡ ಕೋಣೆಯಿದೆ. 1300ನೆಯ ಇಸವಿ ಮೇ 8ರಂದು ಫ್ಲಾರೆನ್ಸಿನ ರಾಯಭಾರಿಯಾಗಿ ಕವಿ ಡಾಂಟೆ ಇಲ್ಲಿಗೆ ಬಂದ. ಗ್ವೆಲ್ಫ್ ಒಕ್ಕೂಟದ ನಾಯಕನ ಆಯ್ಕೆಗೆ ನೀವೂ ಪ್ರತಿನಿಧಿಗಳನ್ನು ಕಳಿಸಿ ಎಂದು ಕೇಳುವುದು ಅವನ ಕೆಲಸವಾಗಿತ್ತು. ಆಗ ಅವನಿಗೆ ಮೂವತ್ತೈದರ ಆಸುಪಾಸು. ಎರಡೇ ವರ್ಷಗಳಲ್ಲಿ, 1302ರಲ್ಲಿ, ಅವನ ಸ್ವಂತ ಊರೇ ಅವನನ್ನು ಗಡೀಪಾರು ಮಾಡಿತು. ಅವನು ಮತ್ತೆ ಫ್ಲಾರೆನ್ಸನ್ನು ಕಾಣಲಿಲ್ಲ. ಅಷ್ಟಕ್ಕೂ ಅವನನ್ನು ಹೊರಹಾಕಿದವರು ಎದುರು ಪಕ್ಷದವರಲ್ಲ, ಗ್ವೆಲ್ಫರೊಳಗೇ ಕರಿಯರು ಬಿಳಿಯರು ಎಂದು ಒಡೆದುಕೊಂಡ ಇನ್ನೊಂದು ಬಣದವರು. ಇಂದು ಆ ಸಭಾಂಗಣದ ಗೋಡೆಯನ್ನು ತುಂಬಿರುವ ಮಾತೆ ಮೇರಿಯ ಭವ್ಯ ಚಿತ್ರವನ್ನು ಲಿಪ್ಪೊ ಮೆಮ್ಮಿ ಎಂಬಾತ 1317ರಲ್ಲಿ ಬರೆದದ್ದು. ಪ್ರವಾಸಿಗಳು ಡಾಂಟೆ ಇದನ್ನು ನೋಡುತ್ತ ಭಾಷಣ ಮಾಡಿದನೆಂದು ಭಾವಿಸುವುದುಂಟು. ಅವನು ಬಂದಾಗ ಅದು ಅಲ್ಲಿರಲಿಲ್ಲ.

ಇನ್ನು ಕಥೆಯ ತಿರುವು. 1348ರಲ್ಲಿ ಕಪ್ಪು ಸಾವು ಎಂದು ಹೆಸರಾದ ಪ್ಲೇಗು ಇಲ್ಲಿಗೂ ಬಂತು. ಊರು ಮತ್ತು ಸುತ್ತಿನ ಹಳ್ಳಿಗಾಡು ಸೇರಿ ಹದಿಮೂರು ಸಾವಿರದಷ್ಟು ಜನರಿದ್ದರೆಂದು ಅಂದಾಜು. ಅವರಲ್ಲಿ ಸುಮಾರು ಅರ್ಧದಷ್ಟು ಜನ ಸತ್ತರು. ಈ ವಾಕ್ಯವನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ: ಯುರೋಪಿನ ಮೂರನೆಯ ಒಂದು ಭಾಗ ಜನ ಸತ್ತರು, ಊಳಿಗಮಾನ್ಯ ಪದ್ಧತಿ ಸಡಿಲವಾಯಿತು, ಕೂಲಿ ಏರಿತು, ಎರಡು ಅಂಕದ ಪ್ರಶ್ನೆ. ಅದೇ ವಾಕ್ಯವನ್ನು ಒಂದು ಊರಿನ ಓಣಿಯಲ್ಲಿ ನಿಂತು, ಎದುರುಬದುರಿನ ಬಾಗಿಲುಗಳನ್ನು ನೋಡುತ್ತ ಹೇಳಿಕೊಂಡರೆ ಬೇರೆಯಾಗಿ ಕೇಳಿಸುತ್ತದೆ. ಈ ಬಾಗಿಲಿನವರು ಉಳಿದರು, ಆ ಬಾಗಿಲಿನವರು ಹೋದರು. ಹೊಲದಲ್ಲಿ ಕೇಸರಿ ಹೂ ಅರಳಿತು. ಬೆಳಗಿನ ಜಾವ ಬಿಡಿಸಲು ಬೆರಳುಗಳಿರಲಿಲ್ಲ. ಕೋವಿಡ್ ಬಂದ 2020ರ ವಸಂತದಲ್ಲಿ ಇಟಲಿಯ ಸುದ್ದಿಗಳನ್ನು ದೂರದರ್ಶನದಲ್ಲಿ ನೋಡುವಾಗ ನನಗೆ ಆ ಓಣಿಯೇ ಕಣ್ಣ ಮುಂದೆ ಬರುತ್ತಿತ್ತು.

ಇಷ್ಟಾದ ಮೇಲಾದರೂ ಹಗೆ ನಿಂತಿತೇ? ನಿಲ್ಲಲಿಲ್ಲ. ಪ್ಲೇಗು ಬಂದುಹೋದ ನಾಲ್ಕು ವರ್ಷಕ್ಕೆ, 1352ರಲ್ಲಿ, ಅರ್ಡಿಂಗೆಲ್ಲಿ ಮನೆತನದ ಇಬ್ಬರು ಸೋದರರ ಶಿರಚ್ಛೇದವಾಯಿತು. ಅದರ ಹಿಂದೆ ಸಾಲ್ವುಚ್ಚಿಗಳ ಕೈವಾಡವಿತ್ತು. ಸೇಡಿಗೆ ಸೇಡು ನಡೆಯಿತು, ಮನೆಗಳು ಸುಟ್ಟವು. ಸಾಕಾಗಿಹೋದ ಊರಿನವರು 1353ರಲ್ಲಿ ತಾವಾಗಿಯೇ ಫ್ಲಾರೆನ್ಸಿನ ಆಳ್ವಿಕೆಗೆ ತಲೆಬಾಗಿದರು. ಒಂದೂವರೆ ಶತಮಾನದ ಸ್ವಾತಂತ್ರ್ಯ ಮುಗಿಯಿತು. ಯಾತ್ರಿಕರ ದಾರಿ ಕೂಡ ಮೆಲ್ಲಮೆಲ್ಲಗೆ ಗುಡ್ಡ ಬಿಟ್ಟು ಕೆಳಗಿನ ಬಯಲಿಗೆ ಇಳಿಯಿತು. ಬಯಲಿನ ಜೌಗು ಒಣಗಿದ ಮೇಲೆ ಏರುದಾರಿ ಯಾರಿಗೆ ಬೇಕು? ನಾವು ಬಸ್ಸು ಬದಲಿಸಿದ ಪೊಜ್ಜಿಬೊನ್ಸಿ ಬೆಳೆಯಿತು, ಇದು ಉಳಿಯಿತು.

ಉಳಿಯಿತು ಎಂಬ ಮಾತನ್ನು ಸ್ವಲ್ಪ ಎಚ್ಚರದಿಂದ ಬಳಸಬೇಕು. ಗೋಪುರಗಳು ಈ ಊರಿನ ವೈಶಿಷ್ಟ್ಯವೇನೂ ಆಗಿರಲಿಲ್ಲ. ಫ್ಲಾರೆನ್ಸಿನಲ್ಲಿ ನೂರಕ್ಕೂ ಹೆಚ್ಚು ಗೋಪುರಗಳಿದ್ದವು, ಬೊಲೋನ್ಯಾದಲ್ಲಿಯೂ ಹೇರಳವಾಗಿದ್ದವು. 1250ರಲ್ಲಿ ಫ್ಲಾರೆನ್ಸಿನ ಜನತೆ ಅಧಿಕಾರ ಹಿಡಿದಾಗ ಖಾಸಗಿ ಗೋಪುರಗಳನ್ನೆಲ್ಲ 50 ಮೊಳಕ್ಕೆ, ಎಂದರೆ 29 ಮೀಟರಿನಷ್ಟಕ್ಕೆ, ಕತ್ತರಿಸಿಹಾಕಿದರು. ಅನಂತರದ ಶತಮಾನಗಳಲ್ಲಿ ಅಲ್ಲಿ ಹಣವಿತ್ತು, ರುಚಿ ಬದಲಾಯಿತು, ಹಳೆಯದನ್ನು ಕೆಡವಿ ವಿಶಾಲ ಅರಮನೆಗಳನ್ನು ಕಟ್ಟಿದರು. ಸ್ಯಾನ್ ಜಿಮಿನ್ಯಾನೊದವರಿಗೂ ಹಣವಿದ್ದಿದ್ದರೆ ಹಾಗೆಯೇ ಮಾಡುತ್ತಿದ್ದರು. ಕೆಡವುವುದಕ್ಕೂ ಕೂಲಿ ಕೊಡಬೇಕಲ್ಲ! ಕೆಲವು ತಾವಾಗಿ ಬಿದ್ದವು, ಕೆಲವು ಮೊಟಕಾದವು, ಕೆಲವು ನಿಂತೇ ಇದ್ದವು. ಪುನರುಜ್ಜೀವನದ ಸಂಪತ್ತು, ಬರೋಕ್ ಶೈಲಿಯ ಅಲಂಕಾರ, ಕಾರ್ಖಾನೆಗಳು, ರೈಲು ಯಾವುವೂ ಈ ಗುಡ್ಡ ಹತ್ತಲಿಲ್ಲ. 1990ರಲ್ಲಿ ಯುನೆಸ್ಕೊ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಕಾಲ ಇಲ್ಲಿ ನಿಂತುಬಿಟ್ಟಿದೆ ಎಂದು ಕೈಪಿಡಿಗಳು ಕಾವ್ಯಮಯವಾಗಿ ಬರೆಯುತ್ತವೆ. ಕಾಲ ಎಲ್ಲಿಯೂ ನಿಲ್ಲುವುದಿಲ್ಲ. ಇಲ್ಲಿ ನಿಂತದ್ದು ಹಣದ ಓಡಾಟ. ಸುಮಾರು ಆರು ಶತಮಾನ ಕಾಲ ಸೋರುವ ಮಾಡಿನ ಕೆಳಗೆ ಬದುಕಿದವರ ಅನನುಕೂಲವೇ ನಮ್ಮ ಕಣ್ಣಿಗೆ ಸೌಂದರ್ಯವಾಗಿದೆ. ನೋಡಬಾರದೆಂದು ಹೇಳುತ್ತಿಲ್ಲ. ನೋಡುವಾಗ ಇದೂ ತಿಳಿದಿರಲಿ ಎಂದಷ್ಟೇ.

ಊರಿನವರು ಮಾತ್ರ ರಾಜರನ್ನೂ ಸೇನಾಪತಿಗಳನ್ನೂ ಬಿಟ್ಟು ಹದಿನೈದು ವರ್ಷದ ಒಬ್ಬ ಬಡ ಹುಡುಗಿಯನ್ನು ನೆನೆಯುತ್ತಾರೆ. ಅವಳ ಹೆಸರು ಫೀನಾ. ಪಾರ್ಶ್ವವಾಯುವಿನಂಥ ಕಾಯಿಲೆಯಿಂದ ಐದು ವರ್ಷ ಹಾಸಿಗೆಯಿಲ್ಲದೆ ಬರಿಯ ಹಲಗೆಯ ಮೇಲೆ ಮಲಗಿದ್ದು 1253ರ ಮಾರ್ಚ್ 12ರಂದು ತೀರಿಕೊಂಡಳು. ಅವಳ ದೇಹವನ್ನು ಎತ್ತಿದಾಗ ಹಲಗೆಯ ಮೇಲೆ ಹೂವರಳಿತ್ತೆಂದೂ ಅವೇ ಹೂಗಳು ಗೋಪುರಗಳ ಮೇಲೆಯೂ ಅರಳಿದುವೆಂದೂ ನಂಬಿಕೆ. ನಾವು ಹೋದಾಗ ಗೋಪುರಗಳ ಸಂದುಗಳಲ್ಲಿ ಸಣ್ಣ ಹಳದಿ ಹೂಗಳು ನಿಜವಾಗಿಯೂ ಅರಳಿದ್ದವು. ಪವಾಡದ ವಿಚಾರ ನಂಬುವವರಿಗೆ ಬಿಟ್ಟದ್ದು. ನನಗೆ ಹೆಚ್ಚು ಮುಖ್ಯವಾಗಿ ಕಂಡದ್ದು, ಅವಳ ಸಮಾಧಿಗೆ ಬಂದ ಕಾಣಿಕೆಯ ಹಣದಿಂದ ಊರಿನವರು ಅವಳ ಹೆಸರಿನಲ್ಲಿ ಆಸ್ಪತ್ರೆಯೊಂದನ್ನು ಕಟ್ಟಿದರು ಎಂಬುದು. ಅದರ ಔಷಧಶಾಲೆಯ ಜಾಡಿಗಳು ಈಗ ವಸ್ತುಸಂಗ್ರಹಾಲಯದಲ್ಲಿವೆ. ಪ್ರಧಾನ ಚರ್ಚಿನೊಳಗೆ ಅವಳಿಗೆ ಮೀಸಲಾದ ಗುಡಿಯಂಥ ಕೋಣೆಯಲ್ಲಿ ದೊಮೆನಿಕೊ ಘಿರ್ಲಾಂಡಾಯೊ 1475ರ ಸುಮಾರಿಗೆ ಅವಳ ಮರಣವನ್ನೂ ಅಂತ್ಯಸಂಸ್ಕಾರವನ್ನೂ ಚಿತ್ರಿಸಿದ್ದಾನೆ. ಅಂತ್ಯಸಂಸ್ಕಾರದ ಚಿತ್ರದಲ್ಲಿ ಹುಡುಗಿಯ ಶುಶ್ರೂಷೆ ಮಾಡುತ್ತ ಕೈ ಸೆಟೆದುಹೋಗಿದ್ದ ದಾದಿಯೊಬ್ಬಳಿದ್ದಾಳೆ. ಸತ್ತ ಹುಡುಗಿ ಆ ಕೈಯನ್ನು ಮುಟ್ಟುತ್ತಿದ್ದಾಳೆ. ಹಿನ್ನೆಲೆಯಲ್ಲಿ ಇದೇ ಗೋಪುರಗಳು.

ಅದೇ ಚರ್ಚಿನ ಎರಡು ಉದ್ದನೆಯ ಗೋಡೆಗಳಲ್ಲಿ ಬೈಬಲ್ಲಿನ ಕಥೆಗಳು ಸಾಲುಸಾಲಾಗಿವೆ. 1944ರ ಬೇಸಗೆಯಲ್ಲಿ ಜರ್ಮನ್ ಸೇನೆ ಹಿಮ್ಮೆಟ್ಟುತ್ತಿದ್ದಾಗ ಫಿರಂಗಿ ಗುಂಡುಗಳು ಈ ಊರಿನ ಮೇಲೂ ಬಿದ್ದು ಆ ಚಿತ್ರಗಳಲ್ಲಿ ಕೆಲವು ಹಾಳಾದವು. ಆ ಯುದ್ಧದ ಮಾತು ಬಂದಾಗ ನಮ್ಮವರಿಗೆ ತಿಳಿದಿರಬೇಕಾದ ಸಂಗತಿಯೊಂದಿದೆ. ಇಲ್ಲಿಂದ ಫ್ಲಾರೆನ್ಸಿನ ದಿಕ್ಕಿಗೆ ಸ್ವಲ್ಪ ದೂರದಲ್ಲಿ ಮೊಂತೆಗುಫೋನಿ ಎಂಬ ಕೋಟೆಮನೆಯಿದೆ. ಫ್ಲಾರೆನ್ಸಿನ ಉಫಿಜಿ ಸಂಗ್ರಹಾಲಯದ ಅಮೂಲ್ಯ ಚಿತ್ರಗಳನ್ನು, ಬೊಟ್ಟಿಚೆಲ್ಲಿಯ ವಸಂತದ ಚಿತ್ರವೂ ಸೇರಿದಂತೆ, ಬಾಂಬುಗಳಿಗೆ ಹೆದರಿ ಅಲ್ಲಿ ಬಚ್ಚಿಟ್ಟಿದ್ದರು. ಆ ಬೇಸಗೆಯಲ್ಲಿ ಅಲ್ಲಿಗೆ ತಲಪಿ ಆ ಚಿತ್ರಗಳಿಗೆ ಕಾವಲು ನಿಂತವರು ಭಾರತದ ಎಂಟನೆಯ ಡಿವಿಜನ್ನಿನವರು, ಅವರಲ್ಲಿ ಮರಾಠಾ ಪದಾತಿ ದಳದ ಸೈನಿಕರಿದ್ದರು. ಆ ದಳದ ಕೇಂದ್ರ 1922ರಿಂದಲೂ ನಮ್ಮ ಬೆಳಗಾವಿಯಲ್ಲಿದೆ. ಇಟಲಿಯ ನೆಲದಲ್ಲಿ ಆ ಯುದ್ಧದಲ್ಲಿ ಸತ್ತ ಭಾರತೀಯರ ಸಂಖ್ಯೆ ಐದು ಸಾವಿರವನ್ನು ಮೀರುತ್ತದೆ. ಬೆಳಗಾವಿಯ ಕವಾಯತು ಮೈದಾನದಿಂದ ಹೊರಟ ಯಾವನೋ ಒಬ್ಬ ರೈತನ ಮಗ ಬೊಟ್ಟಿಚೆಲ್ಲಿಯ ಮುಂದೆ ಬಂದೂಕು ಹಿಡಿದು ರಾತ್ರಿ ಕಳೆದಿದ್ದಾನೆ. ಶಾಲೆಯ ಪಠ್ಯದಲ್ಲಿ ಇದಕ್ಕೆ ಒಂದು ಸಾಲೂ ಇರಲಿಲ್ಲ.

ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಒಂದು ಮಾತು: ಭಾರತದ ಬಗ್ಗೆ ಪ್ರಸಿದ್ಧ ಕಾದಂಬರಿ ಬರೆದ ಇ. ಎಂ. ಫಾರ್ಸ್ಟರ್ 1905ರಲ್ಲಿ ಪ್ರಕಟಿಸಿದ ತನ್ನ ಮೊದಲ ಕಾದಂಬರಿಯ ಮೊಂತೆರಿಯಾನೊ ಎಂಬ ಊರಿಗೆ ಸ್ಯಾನ್ ಜಿಮಿನ್ಯಾನೊವೇ ಮಾದರಿ.

ಎರಡನೆಯ ದಿನ ಮಧ್ಯಾಹ್ನ ಊರಿನ ಉತ್ತರದ ಅಂಚಿನ ಸಂತ ಅಗಸ್ಟೀನನ ಚರ್ಚಿಗೆ ಹೋದೆ. ಗೋಪುರ, ಅಂಗಡಿ, ಐಸ್‌ಕ್ರೀಮುಗಳ ಗದ್ದಲದಿಂದ ದೂರವಿರುವ ಕಾರಣ ಅಲ್ಲಿಗೆ ಬರುವವರು ಕಡಿಮೆ. ಹೊರಗಿನಿಂದ ಅದು ದವಸದ ಕಣಜದಂಥ ಸಾದಾ ಇಟ್ಟಿಗೆಯ ಕಟ್ಟಡ. ಒಳಗೆ ಗರ್ಭಗೃಹದ ಸ್ಥಾನದಲ್ಲಿ, ಮೂರು ಗೋಡೆಗಳ ತುಂಬ, ಬೆನೊಜ್ಜೊ ಗೊಜ್ಜೊಲಿ ಎಂಬ ಚಿತ್ರಕಾರ 1464-65ರಲ್ಲಿ ಅಗಸ್ಟೀನನ ಜೀವನವನ್ನು 17 ದೃಶ್ಯಗಳಲ್ಲಿ ಬರೆದಿದ್ದಾನೆ. ಬರೆಸಿದಾತ ದೊಮೆನಿಕೊ ಸ್ತ್ರಾಂಬಿ ಎಂಬ ಸನ್ಯಾಸಿ, ಪ್ಯಾರಿಸ್ಸಿನಲ್ಲಿ ಓದಿ ಬಂದ ವಿದ್ವಾಂಸ. ಅಗಸ್ಟೀನ್ ಎಂದರೆ ಕ್ರಿ.ಶ. 354ರಲ್ಲಿ ಉತ್ತರ ಆಫ್ರಿಕದ ತಗಾಸ್ತೆಯಲ್ಲಿ, ಎಂದರೆ ಇಂದಿನ ಅಲ್ಜೀರಿಯದಲ್ಲಿ, ಹುಟ್ಟಿ ಕ್ರೈಸ್ತ ಚಿಂತನೆಗೆ ಬುನಾದಿ ಹಾಕಿದ ಮಹಾಪುರುಷ. ಆದರೆ ಸಂತನಾಗುವ ಮೊದಲು ಆತ ವೃತ್ತಿಯಿಂದ ಮೇಷ್ಟರು! ಅಲಂಕಾರಶಾಸ್ತ್ರದ ಅಧ್ಯಾಪಕ.

ಮೊದಲ ದೃಶ್ಯವೇ ಶಾಲೆ. ಎಡಗಡೆ ತಾಯಿ ಮೋನಿಕಾ ಮತ್ತು ತಂದೆ ಪತ್ರೀಚಿಯೊ ತಮ್ಮ ಪುಟ್ಟ ಮಗನನ್ನು ವ್ಯಾಕರಣದ ಗುರುವಿಗೆ ಒಪ್ಪಿಸುತ್ತಿದ್ದಾರೆ. ಗುರು ಬಾಗಿ ಮಗುವಿನ ಗಲ್ಲ ಹಿಡಿದು ಮುದ್ದಿಸುತ್ತಿದ್ದಾನೆ. ಎಂಥ ಸೌಮ್ಯ ಮುಖ! ಕಣ್ಣನ್ನು ಬಲಗಡೆಗೆ ಹೊರಳಿಸಿದರೆ ಅದೇ ಗುರು, ಅದೇ ಉಡುಪು. ಒಬ್ಬ ಹುಡುಗನ ಬೆನ್ನ ಮೇಲೆ ಇನ್ನೊಬ್ಬ ಹುಡುಗನನ್ನು ಹೊರಿಸಿ, ಬಟ್ಟೆ ಮೇಲೆತ್ತಿ, ಕೈಯಲ್ಲಿ ಕೋಲು ಎತ್ತಿದ್ದಾನೆ. ಪಕ್ಕದಲ್ಲಿ ಬಾಲಕ ಅಗಸ್ಟೀನ್ ತನ್ನ ಹಲಗೆ ಹಿಡಿದು ಪಾಠದಲ್ಲಿ ಮಗ್ನನಾಗಿದ್ದಾನೆ. ನಮ್ಮ ಕೂಲಿಮಠಗಳ ಕೋದಂಡದ ಶಿಕ್ಷೆಯನ್ನು ಅಜ್ಜಂದಿರ ಬಾಯಲ್ಲಿ ಕೇಳಿ ಬೆಳೆದ ನನ್ನ ತಲೆಮಾರಿನವರಿಗೆ ಆ ಚಿತ್ರದಲ್ಲಿ ವಿದೇಶೀಯವಾದುದೇನೂ ಇಲ್ಲ.

ಆದರೆ ಚಿತ್ರಕಾರ ಇಲ್ಲಿ ಒಂದು ಜಾಣತನ ಮಾಡಿದ್ದಾನೆ. ಜಾಣತನವೋ ಭಕ್ತಿಯೋ ಹೇಳಲಾರೆ. ಅಗಸ್ಟೀನನನ್ನು ಒಳ್ಳೆಯ ಹುಡುಗನನ್ನಾಗಿ ನಿಲ್ಲಿಸಿ ಪೆಟ್ಟನ್ನು ಬೇರೊಬ್ಬನಿಗೆ ಕೊಡಿಸಿದ್ದಾನೆ. ಅಗಸ್ಟೀನನೇ ತನ್ನ ಆತ್ಮನಿವೇದನೆಯ ಗ್ರಂಥದ ಮೊದಲ ಭಾಗದಲ್ಲಿ ಬರೆದುಕೊಂಡಿರುವುದು ಬೇರೆ. ಪೆಟ್ಟು ತಿಂದವನು ತಾನೇ. ಚಿಕ್ಕಂದಿನಲ್ಲಿ ತಾನು ದೇವರಲ್ಲಿ ಮೊರೆಯಿಟ್ಟದ್ದು ಶಾಲೆಯಲ್ಲಿ ಹೊಡೆತ ಬೀಳದಿರಲಿ ಎಂಬುದಕ್ಕಾಗಿ ಎಂದೂ, ತನ್ನ ಮೈಮೇಲಿನ ಬಾಸುಂಡೆಗಳನ್ನು ಕಂಡು ಹಿರಿಯರು, ಹೆತ್ತವರು ಸಹ, ನಗುತ್ತಿದ್ದರೆಂದೂ ನಡುವಯಸ್ಸಿನ ಬಿಷಪ್ಪನಾಗಿ ಕುಳಿತು ಬರೆಯುತ್ತಾನೆ. ಪೆಟ್ಟು ಬಿದ್ದು ಮೂವತ್ತು ವರ್ಷಗಳ ಮೇಲಾಗಿತ್ತು. ನೋವು ಮರೆತಿತ್ತು, ನಕ್ಕದ್ದು ಮರೆತಿರಲಿಲ್ಲ. ನಮ್ಮ ದೇಶದಲ್ಲಿ ಶಾಲೆಯ ದೈಹಿಕ ಶಿಕ್ಷೆಯನ್ನು ನಿಷೇಧಿಸುವ ಸ್ಪಷ್ಟ ಕಾಯಿದೆ ಬಂದದ್ದು 2009ರಲ್ಲಿ, ಶಿಕ್ಷಣ ಹಕ್ಕಿನ ಕಾಯಿದೆಯ 17ನೆಯ ಕಲಮಿನ ಮೂಲಕ. ಅದನ್ನು ಓದಿ ಗೊಣಗಿದ ಸಹೋದ್ಯೋಗಿಗಳು ನನಗೆ ಗೊತ್ತು. ಅವರೆಲ್ಲರನ್ನೂ ಒಮ್ಮೆ ಈ ಗೋಡೆಯ ಮುಂದೆ ಕರೆತಂದು ನಿಲ್ಲಿಸಬೇಕೆನಿಸಿತು. ಬೆನ್ನ ಮೇಲೆ ಹೊತ್ತುಕೊಂಡಿರುವ ಆ ಇನ್ನೊಬ್ಬ ಹುಡುಗನ ಮುಖವನ್ನು ನೋಡಲಿ. ತಪ್ಪು ಮಾಡದೆ ಶಿಕ್ಷೆಗೆ ಪೀಠವಾದವನು.

ಮುಂದಿನ ದೃಶ್ಯಗಳಲ್ಲಿ ಅಗಸ್ಟೀನ್ ತಾನೇ ಗುರುವಾಗಿದ್ದಾನೆ. ರೋಮಿನಲ್ಲಿ ಪಾಠ ಹೇಳುವ ದೃಶ್ಯ ಬಹು ಸೊಗಸಾಗಿದೆ. ನಡುವೆ ಎತ್ತರದ ಪೀಠದಲ್ಲಿ ಆತ, ಎರಡೂ ಕಡೆ ಬೆಂಚುಗಳಲ್ಲಿ ಹದಿನೈದನೆಯ ಶತಮಾನದ ಟಸ್ಕನಿಯ ಉಡುಪಿನ ಶ್ರೋತೃಗಳು, ಮುಂಭಾಗದಲ್ಲಿ ಒಂದು ಪುಟ್ಟ ನಾಯಿ. ಎಲ್ಲರೂ ಗಂಭೀರವಾಗಿ ಆಲಿಸುತ್ತಿದ್ದಾರೆ. ನಿಜವಾದ ಕಥೆ ಇಷ್ಟು ಗಂಭೀರವಲ್ಲ. ಕಾರ್ತೇಜ್ ನಗರದ ವಿದ್ಯಾರ್ಥಿಗಳ ಪುಂಡಾಟ ತಡೆಯಲಾರದೆ ಆತ ರೋಮಿಗೆ ಬಂದ. ರೋಮಿನವರು ಶಾಂತಸ್ವಭಾವದವರೇ, ಆದರೆ ಶುಲ್ಕ ಕೊಡುವ ದಿನ ಹತ್ತಿರ ಬಂದೊಡನೆ ಗುಂಪಾಗಿ ಇನ್ನೊಬ್ಬ ಮೇಷ್ಟರ ಬಳಿಗೆ ಹೋಗಿಬಿಡುತ್ತಿದ್ದರು! ಬೇಸತ್ತು ಮಿಲಾನಿಗೆ ಹೋದ; ಅಲ್ಲಿ ಅಂಬ್ರೋಸ್ ಬಿಷಪ್ಪನ ಉಪನ್ಯಾಸ ಕೇಳಿದ; ಮುಂದಿನದು ಜಗತ್ತಿಗೆ ತಿಳಿದಿದೆ. ಶುಲ್ಕ ತಪ್ಪಿಸಿದ ಆ ಅನಾಮಧೇಯ ಹುಡುಗರಿಗೆ ಕ್ರೈಸ್ತ ದರ್ಶನಶಾಸ್ತ್ರ ಎಷ್ಟು ಋಣಿಯೋ!

ಗೊಜ್ಜೊಲಿ ಈ ಊರಿಗೆ ಬಂದದ್ದಕ್ಕೂ ಪ್ಲೇಗಿಗೂ ಸಂಬಂಧವಿದೆ. ಫ್ಲಾರೆನ್ಸಿನಲ್ಲಿ ಮತ್ತೆ ರೋಗ ಕಾಣಿಸಿಕೊಂಡಾಗ ಆತ ಇತ್ತ ಬಂದ. 1464ರಲ್ಲಿ ರೋಗವೂ ಹಿಂದೆಯೇ ಬಂತು. ಗರ್ಭಗೃಹದ ಕೆಲಸದ ನಡುವೆ ಅದೇ ಚರ್ಚಿನ ಪಕ್ಕದ ಗೋಡೆಯ ಮೇಲೆ ಊರಿನವರ ಹರಕೆಯ ಚಿತ್ರವೊಂದನ್ನು ಬರೆದುಕೊಟ್ಟ. ಪ್ಲೇಗಿನ ರಕ್ಷಕನಾದ ಸಂತ ಸೆಬಾಸ್ಟಿಯನ್ನನನ್ನು ಎಲ್ಲ ಚಿತ್ರಕಾರರೂ ಬರಿಮೈಯಲ್ಲಿ, ಬಾಣಗಳು ನಾಟಿದ ಸ್ಥಿತಿಯಲ್ಲಿ ತೋರಿಸುತ್ತಾರೆ. ಇಲ್ಲಿ ಹಾಗಲ್ಲ. ಆತ ಮೈತುಂಬ ಬಟ್ಟೆ ತೊಟ್ಟು ಒಂದು ದೊಡ್ಡ ನಿಲುವಂಗಿಯನ್ನು ಹರಡಿ ನಿಂತಿದ್ದಾನೆ. ಮೇಲಿನಿಂದ ದೇವರು ಕೋಪದಿಂದ ಎಸೆಯುವ ಬಾಣಗಳು ಆ ಬಟ್ಟೆಗೆ ತಗಲಿ ಮುರಿದು ಬೀಳುತ್ತಿವೆ. ಅದರ ಕೆಳಗೆ ಗಂಡಸರು, ಹೆಂಗಸರು ಮಂಡಿಯೂರಿ ಒತ್ತೊತ್ತಾಗಿ ಸೇರಿಕೊಂಡಿದ್ದಾರೆ. ಅರ್ಡಿಂಗೆಲ್ಲಿಗಳು ಯಾರು, ಸಾಲ್ವುಚ್ಚಿಗಳು ಯಾರು ಎಂದು ಗುರುತಿಸುವಂತಿಲ್ಲ.

ಚರ್ಚಿನ ಬಾಗಿಲು ಹಾಕುವ ಹೊತ್ತಾಯಿತು. ನಡುಚೌಕದ ಕಡೆಗೆ ನಡೆದು ಬಂದಾಗ ಪ್ರವಾಸಿ ಬಸ್ಸುಗಳೆಲ್ಲ ಹೊರಟುಹೋಗಿದ್ದವು. ಹಗಲು ಕಾಲಿಡಲು ಜಾಗವಿಲ್ಲದ ಬೀದಿಗಳು ಸಂಜೆ ಆರಕ್ಕೆ ಬಿಕೋ ಎನ್ನುತ್ತವೆ. ಕೋಟೆಯೊಳಗೆ ಕಾಯಂ ವಾಸಿಸುವವರು ಈಗ ಬಹಳ ಕಡಿಮೆ. ಹೆಚ್ಚಿನ ಮನೆಗಳು ವಸತಿಗೃಹಗಳಾಗಿವೆ, ಊರಿನ ಮಕ್ಕಳು ಗೋಡೆಯ ಹೊರಗಿನ ಬಡಾವಣೆಗಳಲ್ಲಿ ಬೆಳೆಯುತ್ತಾರೆ. ಚೌಕದ ನಡುವೆ 1273ರಲ್ಲಿ ಕಟ್ಟಿ 1346ರಲ್ಲಿ, ಎಂದರೆ ಪ್ಲೇಗಿಗೆ ಎರಡೇ ವರ್ಷ ಮೊದಲು, ದೊಡ್ಡದು ಮಾಡಿದ ಎಂಟು ಮೂಲೆಯ ಬಾವಿಯಿದೆ. ಚೌಕಕ್ಕೆ ಅದರದೇ ಹೆಸರು. ಅದರ ಕಲ್ಲಿನ ಕಟ್ಟೆಯ ಅಂಚಿನಲ್ಲಿ ಹಗ್ಗ ಉಜ್ಜಿ ಉಜ್ಜಿ ಆಳವಾದ ಗೀರುಗಳು ಬಿದ್ದಿವೆ. ಒಂದರಲ್ಲಿ ನನ್ನ ಹೆಬ್ಬೆರಳು ಪೂರ್ತಿ ಕೂತಿತು. ಗೋಪುರ ಕಟ್ಟಿದವರ ಹೆಸರುಗಳು ಕೈಪಿಡಿಯಲ್ಲಿ ಸಿಗುತ್ತವೆ. ನೀರು ಸೇದಿದವರದು ಇಷ್ಟು ಸಿಕ್ಕಿತು.